ಓದುಗರ ಪ್ರಶ್ನೆ, ನಮ್ಮ ಉತ್ತರ: ಜಪಾನಿನ ಕುಣಿಯುವ ಬೆಕ್ಕು, ಒಕ್ಕಣ್ಣಿನ ಕೊಡೆ

ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಜಪಾನಿನ ಹಳೆಯ ಅಚ್ಚು ಚಿತ್ರಗಳಿಗೂ ಅವುಗಳ ವಂಶದಲ್ಲಿ ಹುಟ್ಟಿ ಇಂದಿಗೂ ಓಡಾಡಿಕೊಂಡಿರುವ ವಿಚಿತ್ರ ಪಾತ್ರಗಳಿಗೂ ಮೀಸಲಿಟ್ಟಿದ್ದೇವೆ. ಒಂದೇ ವಿಷಯವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದವರ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ. ಹೆಚ್ಚಿನ ಪತ್ರಗಳಲ್ಲಿ, ಜಪಾನೀಯರಿಗೆ ಇಂಥ ಕಲ್ಪನೆಗಳು ಎಲ್ಲಿಂದ ಬರುತ್ತವೆ ಎಂಬ ಬೆರಗು ಕಾಣುತ್ತದೆ. ಆ ಬೆರಗು ನನಗೂ ಇದೆ. ಆದರೆ ಒಂದು ಜನಾಂಗದ ಸ್ವಭಾವವನ್ನು ಮುಂದಿಟ್ಟು ಇದಕ್ಕೆ ಉತ್ತರ ಹೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಅಗ್ಗದ ಕಾಗದ, ಬೀದಿಯ ವ್ಯಾಪಾರ, ಸರ್ಕಾರದ ಕಟ್ಟಳೆ, ಕಸುಬುದಾರರ ಕೈಚಳಕ, ಇವುಗಳ ಕಥೆ ಗೊತ್ತಾದರೆ ವಿಚಿತ್ರವೆನಿಸಿದ್ದರ ಹಿಂದಿನ ತರ್ಕವೂ ಗೊತ್ತಾಗುತ್ತದೆ.

ಪ್ರಶ್ನೆ: ಜಪಾನಿನ ಅನಿಮೆ, ಆಟಿಕೆ, ವಿಡಿಯೋ ಆಟಗಳಲ್ಲಿ ಒಂದೇ ಕಣ್ಣು, ಒಂದೇ ಕಾಲು ಮತ್ತು ಹೊರಚಾಚಿದ ನಾಲಿಗೆಯಿರುವ ಕೊಡೆಯೊಂದು ಆಗಾಗ ಕಾಣಿಸಿಕೊಳ್ಳುತ್ತದೆ. ಇದು ಇಂದಿನ ಕಲಾವಿದರ ಕಲ್ಪನೆಯೇ ಅಥವಾ ಇದಕ್ಕೆ ಹಳೆಯ ಮೂಲವಿದೆಯೇ?

ಉತ್ತರ: ಮೂಲ ಬಹಳ ಹಳೆಯದು. ಮನೆಬಳಕೆಯ ವಸ್ತುವೊಂದು ನೂರು ವರ್ಷ ಪೂರೈಸಿದರೆ ಅದಕ್ಕೆ ಜೀವ ಬರುತ್ತದೆ ಎಂಬ ನಂಬಿಕೆ ಜಪಾನಿನಲ್ಲಿ ಮಧ್ಯಯುಗದಿಂದಲೂ ಇದೆ. ಹಾಗೆ ಜೀವ ತಳೆದ ವಸ್ತುಗಳನ್ನು ತ್ಸುಕುಮೊಗಾಮಿ ಎಂದು ಕರೆಯುತ್ತಾರೆ. ಮುರೊಮಾಚಿ ಕಾಲದ (14ರಿಂದ 16ನೇ ಶತಮಾನ) ಒಂದು ಸಚಿತ್ರ ಸುರುಳಿಯ ಕಥೆ ಹೀಗಿದೆ: ವರ್ಷಾಂತ್ಯದ ಮನೆ ಶುಚಿಯ ನೆಪದಲ್ಲಿ ಜನರು ಹಳೆಯ ಪಾತ್ರೆ ಪರಡಿಗಳನ್ನು ಬೀದಿಗೆ ಎಸೆಯುತ್ತಾರೆ, ಇಷ್ಟು ಕಾಲ ದುಡಿದ ತಮಗೆ ಇದೇ ಕೂಲಿಯೇ ಎಂದು ಸಿಟ್ಟಿಗೆದ್ದ ಆ ವಸ್ತುಗಳು ರಾಕ್ಷಸರೂಪ ತಾಳಿ ಹಾವಳಿ ಎಬ್ಬಿಸುತ್ತವೆ, ಕೊನೆಗೆ ಬೌದ್ಧಧರ್ಮಕ್ಕೆ ಶರಣಾಗುತ್ತವೆ. ಅದೇ ಕಾಲದ ಇನ್ನೊಂದು ಪ್ರಸಿದ್ಧ ಸುರುಳಿ ಕ್ಯೋಟೋದ ದೈತೊಕು-ಜಿ ದೇವಾಲಯ ಸಮುಚ್ಚಯದ ಶಿಂಜು-ಆನ್‌ನಲ್ಲಿದೆ. ಅದರಲ್ಲಿ ಬಿವಾ ಎಂಬ ತಂತಿವಾದ್ಯವನ್ನೇ ತಲೆಯಾಗಿಸಿಕೊಂಡ ಜೀವಿಯೊಂದು ಕೊತೊ ಎಂಬ ಮತ್ತೊಂದು ವಾದ್ಯವನ್ನು ಹಗ್ಗ ಕಟ್ಟಿ ಸಾಕುಪ್ರಾಣಿಯಂತೆ ಎಳೆದುಕೊಂಡು ಹೋಗುತ್ತದೆ. ವಾದ್ಯದ ಮೈಯ ಬಾಗು ಕತ್ತಿನ ಬಾಗಾಗಿಯೂ ಬಿರಡೆಗಳಿರುವ ತುದಿ ತಲೆಯ ತುದಿಯಾಗಿಯೂ ಎಷ್ಟು ಸಹಜವಾಗಿ ಮಾರ್ಪಟ್ಟಿವೆಯೆಂದರೆ, ಆ ವಸ್ತುವನ್ನು ದಿನವೂ ಬಳಸಿ ಬಲ್ಲವನೇ ಅದನ್ನು ಬರೆದಿರಬೇಕು ಎನಿಸುತ್ತದೆ.

ಸುರುಳಿಯ ಚಿತ್ರ ಒಬ್ಬ ಒಡೆಯನ ಸ್ವತ್ತು; ಅದನ್ನು ನೋಡುವ ಭಾಗ್ಯ ಕೆಲವರಿಗಷ್ಟೇ ಇತ್ತು. ಇದನ್ನು ಬದಲಿಸಿದವನು ತೊರಿಯಾಮ ಸೆಕಿಯೆನ್. ಈತ 1776ರಲ್ಲಿ ಪಿಶಾಚಿ, ಭೂತ, ಜೀವ ತಳೆದ ವಸ್ತು ಇತ್ಯಾದಿಗಳ, ಅಂದರೆ ಯೊಕೈಗಳ, ಸಚಿತ್ರ ಪುಸ್ತಕವನ್ನು ಮರದಚ್ಚಿನಲ್ಲಿ ಹೊರತಂದನು. 1784ರ ವೇಳೆಗೆ ಅದರ ಮುಂದಿನ ಸಂಪುಟಗಳೂ ಬಂದವು. ಸುರುಳಿಯಲ್ಲಿ ಗುಂಪುಗುಂಪಾಗಿ ಮೆರವಣಿಗೆ ಹೊರಟಿದ್ದ ಜೀವಿಗಳನ್ನು ಈತ ಒಂದೊಂದಾಗಿ ಬಿಡಿಸಿ, ಪ್ರತಿಯೊಂದಕ್ಕೂ ಹೆಸರು ಕೊಟ್ಟು, ಸಸ್ಯಕೋಶದಲ್ಲಿ ಗಿಡಗಳನ್ನು ಜೋಡಿಸುವಂತೆ ಪುಟಗಳಲ್ಲಿ ಜೋಡಿಸಿದನು. ಹೆಸರೂ ನಿಶ್ಚಿತ ರೂಪವೂ ಸಿಕ್ಕ ಮೇಲೆ ಯಾವ ಕಲಾವಿದನಾದರೂ ಆ ಪಾತ್ರವನ್ನು ಎತ್ತಿಕೊಂಡು ಮತ್ತೆ ಬರೆಯಬಹುದು, ನೋಡುವವರೂ ತಕ್ಷಣ ಗುರುತಿಸಬಹುದು. ಇಂದು ಆಟಿಕೆಯ ಪೆಟ್ಟಿಗೆಯ ಮೇಲೂ ವಿಡಿಯೋ ಆಟದಲ್ಲೂ ಯೊಕೈಗಳು ಹೆಸರು, ಗುಣ, ಶಕ್ತಿಗಳ ವಿವರದೊಂದಿಗೆ ಬಿಡಿಬಿಡಿಯಾಗಿ ಕಾಣಿಸಿಕೊಳ್ಳುವ ಪದ್ಧತಿಗೆ ಅಡಿಪಾಯ ಇಲ್ಲಿದೆ. ನೀವು ಕೇಳಿದ ಒಕ್ಕಣ್ಣಿನ ಕೊಡೆ ಇಂದಿನ ರೂಪದಲ್ಲಿ ಜನಪ್ರಿಯವಾದದ್ದು ಎದೊ ಕಾಲದ (1603–1868) ಕೊನೆಯ ಭಾಗದ ಆಟದ ಎಲೆಗಳಿಂದ ಮತ್ತು ಕಬುಕಿ ರಂಗಭೂಮಿಯಿಂದ. ಬಿದಿರಿನ ಕಡ್ಡಿಗೆ ಎಣ್ಣೆಗಾಗದ ಅಂಟಿಸಿ ಮಾಡುತ್ತಿದ್ದ ಆ ಕೊಡೆಯನ್ನು ಮಡಿಸಿ ಗೋಡೆಗೆ ಒರಗಿಸಿದರೆ ಅದು ತಲೆ ತಗ್ಗಿಸಿ ನಿಂತ ಒಂಟಿಕಾಲಿನ ಮನುಷ್ಯನ ಹಾಗೆಯೇ ಕಾಣುತ್ತದೆ. ಅದಕ್ಕೆ ಕಣ್ಣು ಬರೆಯುವುದಷ್ಟೇ ಬಾಕಿಯಿತ್ತು.

ಪ್ರಶ್ನೆ: ಕುನಿಯೊಶಿ ಎಂಬ ಕಲಾವಿದನ ಚಿತ್ರಗಳಲ್ಲಿ ಬೆಕ್ಕುಗಳು ಕಿಮೊನೊ ತೊಟ್ಟು ಮನುಷ್ಯರಂತೆ ನಡೆದಾಡುತ್ತವೆ. ಇದು ಬರೀ ತಮಾಷೆಯೋ, ಇದರಲ್ಲಿ ಗುಟ್ಟೇನಾದರೂ ಇದೆಯೋ?

ಉತ್ತರ: ಎರಡೂ ಇವೆ. ಉತಾಗವಾ ಕುನಿಯೊಶಿ 1861ರಲ್ಲಿ ತೀರಿಕೊಂಡವನು. ಎದೊ ನಗರದ, ಅಂದರೆ ಇಂದಿನ ಟೋಕಿಯೋದ, ನಿಹೊಂಬಾಶಿಯಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಮಗನಾಗಿ ಹುಟ್ಟಿದವನು. ಆತ ಎದೆಯ ಬಳಿ ಕಿಮೊನೊದ ಮಡಿಕೆಯೊಳಗೆ ಬೆಕ್ಕಿನ ಮರಿಯನ್ನು ಇಟ್ಟುಕೊಂಡೇ ಚಿತ್ರ ಬರೆಯುತ್ತಿದ್ದನೆಂದು ಅವನ ಶಿಷ್ಯವರ್ಗದಿಂದ ಬಂದ ಮಾತಿದೆ. ಮೊದಲು ಆತ ಪ್ರಸಿದ್ಧನಾದದ್ದು ಬೆಕ್ಕುಗಳಿಂದಲ್ಲ, 1820ರ ದಶಕದ ಕೊನೆಯಲ್ಲಿ ಬರೆದ ಮೈತುಂಬ ಹಚ್ಚೆಯ ವೀರಯೋಧರಿಂದ.

ಗುಟ್ಟಿನ ಭಾಗ ಅರ್ಥವಾಗಬೇಕಾದರೆ ಆಗಿನ ವ್ಯಾಪಾರವನ್ನು ತಿಳಿಯಬೇಕು. ಉಕಿಯೊ-ಎ ಎಂದು ನಾವು ಇಂದು ವಸ್ತುಸಂಗ್ರಹಾಲಯಗಳಲ್ಲಿ ಗೌರವದಿಂದ ನೋಡುವ ಚಿತ್ರಗಳು ಆ ಕಾಲಕ್ಕೆ ಒಂದು ಬಟ್ಟಲು ನೂಡಲ್ಸ್‌ನ ಬೆಲೆಯ ಆಸುಪಾಸಿನಲ್ಲಿ ಸಿಗುತ್ತಿದ್ದ ಬೀದಿಯ ಸರಕು. ಅವುಗಳಲ್ಲಿ ಹೆಚ್ಚು ಬಿಕರಿಯಾಗುತ್ತಿದ್ದವು ಕಬುಕಿ ನಟರ ಮತ್ತು ಯೊಶಿವಾರದ ವೇಶ್ಯಾವಾಟಿಕೆಯ ಸುಂದರಿಯರ ಚಿತ್ರಗಳು. 1841ರಿಂದ ಮಿಜುನೊ ತಡಾಕುನಿ ಎಂಬ ಹಿರಿಯ ಅಧಿಕಾರಿ ತೆಂಪೊ ಸುಧಾರಣೆಗಳೆಂಬ ಹೆಸರಿನಲ್ಲಿ ಆಡಂಬರಕ್ಕೆ ಕಡಿವಾಣ ಹಾಕತೊಡಗಿದನು. 1842ರಲ್ಲಿ ನಟರ ಮತ್ತು ವೇಶ್ಯೆಯರ ಚಿತ್ರಗಳನ್ನು ಅಚ್ಚು ಹಾಕುವುದನ್ನೇ ನಿಷೇಧಿಸಲಾಯಿತು. ಪ್ರಕಾಶಕ, ಚಿತ್ರಕಾರ, ಕೆತ್ತನೆಗಾರ, ಮುದ್ರಕ ಈ ನಾಲ್ವರ ದುಡಿಮೆಯಿಂದ ನಡೆಯುತ್ತಿದ್ದ ಉದ್ಯಮಕ್ಕೆ ಅನ್ನದ ಬಟ್ಟಲನ್ನೇ ಕಸಿದುಕೊಂಡಂತಾಯಿತು.

ಕುನಿಯೊಶಿ 1841ರ ಹೊತ್ತಿಗೇ, ಬೀಸಣಿಗೆಗೆ ಅಂಟಿಸುವ ಚಿತ್ರಗಳಲ್ಲಿ, ಪ್ರಸಿದ್ಧ ನಟರ ಮುಖಲಕ್ಷಣಗಳನ್ನು ಬೆಕ್ಕುಗಳ ಮುಖಕ್ಕೆ ಇಳಿಸಿ ನಗಿಸಿದ್ದನು. ನಿಷೇಧ ಬಂದಾಗ ಆ ತಮಾಷೆಯೇ ಬದುಕಿನ ದಾರಿಯಾಯಿತು. ಇವು ಬೆಕ್ಕುಗಳು, ನಟರಲ್ಲ. ಹಾಗಾಗಿ ಕಾನೂನು ಮುರಿದಂತಾಗಲಿಲ್ಲ. ಆದರೆ ಹುಬ್ಬಿನ ಏರಿಳಿತ, ಗದ್ದದ ಉದ್ದ, ಕಣ್ಣು ಹೊರಳಿಸುವ ಬಗೆ, ಬಟ್ಟೆಯ ಮೇಲಿನ ಲಾಂಛನ ಇವುಗಳನ್ನು ನೋಡಿದ ನಾಟಕದ ಅಭಿಮಾನಿಗೆ ಇದು ಯಾವ ನಟ ಎಂದು ಹೇಳಿಕೊಡಬೇಕಾಗಿರಲಿಲ್ಲ.

ಈ ಉಪಾಯದ ತುತ್ತತುದಿ ಎಂದು ನಾನು ಎಣಿಸುವುದು 1847–48ರ ಸುಮಾರಿನ, ಉಗ್ರಾಣದ ಗೋಡೆಯ ಮೇಲಿನ ಗೀಚು ಬರಹದಂತೆ ರಚಿಸಿದ ಚಿತ್ರಮಾಲೆಯನ್ನು. ಸುಣ್ಣದ ಗೋಡೆಯ ಮೇಲೆ ಯಾರೋ ಪೋರರು ಮೊಳೆಯಿಂದ ಗೀಚಿದ ಹಾಗೆ ಅಂಕುಡೊಂಕಾದ ಗೆರೆಗಳಲ್ಲಿ ನಟರ ಮುಖಗಳಿವೆ. ನಡುವೆ ತಲೆಗೆ ವಸ್ತ್ರ ಸುತ್ತಿಕೊಂಡ, ಸೀಳುಬಾಲದ ಬೆಕ್ಕೊಂದು ಹಿಂಗಾಲುಗಳ ಮೇಲೆ ನಿಂತು ಕುಣಿಯುತ್ತಿದೆ. ದೇಶದ ಅತ್ಯಂತ ನುರಿತ ಕೈಗಳಲ್ಲೊಂದು ಬರಲಾರದವನ ಹಾಗೆ ಗೆರೆ ಎಳೆದಿದೆ, ಮತ್ತು ಆ ಅಡ್ಡಾದಿಡ್ಡಿ ಗೆರೆಯ ಪ್ರತಿ ನಡುಕವನ್ನೂ ಕೆತ್ತನೆಗಾರನು ಚೆರ್ರಿ ಮರದ ಹಲಗೆಯಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಉಬ್ಬಾಗಿ ಉಳಿಸಿದ್ದಾನೆ. ಗೀಚು ಗೆರೆಯನ್ನು ಉಳಿಸಲು ಅದರ ಎರಡೂ ಬದಿಯ ಮರವನ್ನು ಕೆತ್ತಿ ತೆಗೆಯಬೇಕಾಗುತ್ತದೆ ಎಂಬುದನ್ನು ನೆನೆದರೆ ಆ ಶ್ರಮದ ಪ್ರಮಾಣ ತಿಳಿಯುತ್ತದೆ. ಈ ಚಿತ್ರಗಳ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ.

ಕುನಿಯೊಶಿಯ ವ್ಯಂಗ್ಯ ಯಾವಾಗಲೂ ಇಷ್ಟು ಸೌಮ್ಯವಾಗಿರಲಿಲ್ಲ. 1843ರಲ್ಲಿ ಆತ ಮೂರು ಹಾಳೆಗಳ ಒಂದು ಚಿತ್ರದಲ್ಲಿ ಪುರಾಣಪ್ರಸಿದ್ಧ ವೀರ ಮಿನಾಮೊತೊ ಯೊರಿಮಿತ್ಸು ಕಾಯಿಲೆ ಮಲಗಿರುವುದನ್ನೂ ಅವನ ಹಿಂದೆ ಮಣ್ಣಿನ ಜೇಡವೊಂದು ಬಲೆ ಹರಡುತ್ತಿರುವುದನ್ನೂ ಬರೆದನು. ಹಿನ್ನೆಲೆಯ ಕತ್ತಲಲ್ಲಿ ಭೂತಗಳ ದಂಡು ನೆರೆದಿದೆ. ಕಾವಲಿಗಿದ್ದ ನಾಲ್ವರಲ್ಲಿ ಒಬ್ಬನ ಬಟ್ಟೆಯ ಮೇಲೆ ಮಿಜುನೊ ಮನೆತನದ ಲಾಂಛನವಾದ ನೀರುಸಸ್ಯದ ಎಲೆ ಕಂಡದ್ದೇ ತಡ, ಜನರು ಮಲಗಿದವನನ್ನು ದೇಶವನ್ನಾಳುವ ಶೋಗುನ್ ಎಂದೂ ಭೂತಗಳನ್ನು ಸುಧಾರಣೆಗಳಿಂದ ಕಸುಬು ಕಳೆದುಕೊಂಡವರೆಂದೂ ಓದತೊಡಗಿದರು. ಗಾಳಿಮಾತು ಹಬ್ಬಿದಾಗ ಪ್ರಕಾಶಕನು ಹೆದರಿ ಚಿತ್ರಗಳನ್ನು ಹಿಂದಕ್ಕೆ ಪಡೆದು ಅಚ್ಚಿನ ಹಲಗೆಗಳನ್ನು ನಾಶಮಾಡಿದನು. 

ಹಾಗೆಂದು ಪ್ರತಿ ಬೆಕ್ಕಿನ ಹಿಂದೆಯೂ ರಾಜಕೀಯ ಹುಡುಕುವುದು ಸರಿಯಲ್ಲ. 1850ರ ಸುಮಾರಿಗೆ ಆತ ಎದೊದಿಂದ ಕ್ಯೋಟೋಗೆ ಹೋಗುವ ತೊಕೈದೊ ಹೆದ್ದಾರಿಯ 53 ತಂಗುದಾಣಗಳನ್ನು, ಮೊದಲ ಮತ್ತು ಕೊನೆಯ ಊರುಗಳನ್ನೂ ಸೇರಿಸಿ, ಬೆಕ್ಕುಗಳ ರೂಪದಲ್ಲೇ ತೋರಿಸಿದನು. ಪ್ರತಿ ಊರಿನ ಹೆಸರಿನ ಸದ್ದಿಗೆ ಹೊಂದುವ ಒಂದು ಕೆಲಸವನ್ನು ಬೆಕ್ಕು ಮಾಡುತ್ತಿರುತ್ತದೆ. ಮೊದಲ ಊರಿನ ಬೆಕ್ಕು ಎರಡು ಒಣಮೀನಿನ ತುಂಡುಗಳನ್ನು ಎಳೆಯುತ್ತಿದೆ. ಮಲಗಿದ ಬೆಕ್ಕಿನ ಹೊಟ್ಟೆ ನೆಲಕ್ಕೆ ಹರಡಿಕೊಳ್ಳುವ ಬಗೆ, ಬೆನ್ನು ಕಮಾನಾಗಿಸಿ ಮೈಮುರಿಯುವ ಬಗೆ, ಇಲಿಯ ಮೇಲೆ ಹಾರುವ ಮುನ್ನ ಭುಜ ಕುಗ್ಗಿಸುವ ಬಗೆ ಅವುಗಳಲ್ಲಿ ಕರಾರುವಾಕ್ಕಾಗಿ ಮೂಡಿವೆ. ಅವು ಪ್ರೀತಿಯಿಂದ ಬಂದ ಚಿತ್ರಗಳು, ನಿಷೇಧ ಬಾರದಿದ್ದರೂ ಬರುತ್ತಿದ್ದವು.

ಪ್ರಶ್ನೆ: 2020ರಲ್ಲಿ ಕೊರೊನಾ ಹಬ್ಬಿದಾಗ ಜಪಾನಿನಲ್ಲಿ ಕೊಕ್ಕು, ಉದ್ದ ಕೂದಲು ಮತ್ತು ಮೂರು ಕಾಲುಗಳ ಒಂದು ಜೀವಿಯ ಚಿತ್ರವನ್ನು ಎಲ್ಲರೂ ಬರೆಯುತ್ತಿದ್ದರಂತೆ. ಅದು ಏನು?

ಉತ್ತರ: ಅದರ ಹೆಸರು ಅಮಾಬಿಯೆ. ಅದರ ಬಗ್ಗೆ ಉಳಿದಿರುವ ಆಧಾರ 1846ರ ಒಂದು ಸುದ್ದಿ ಹಾಳೆ. ಅದೀಗ ಕ್ಯೋಟೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಹಿಗೊ ಪ್ರಾಂತ್ಯದ, ಇಂದಿನ ಕುಮಾಮೊತೊದ, ಕಡಲಿನಲ್ಲಿ ರಾತ್ರಿಹೊತ್ತು ಏನೋ ಹೊಳೆಯುತ್ತಿರುವುದನ್ನು ಕಂಡು ಅಧಿಕಾರಿಯೊಬ್ಬ ನೋಡಲು ಹೋದಾಗ ಈ ಜೀವಿ ಮೇಲೆದ್ದು, ಮುಂದಿನ ಆರು ವರ್ಷ ಒಳ್ಳೆಯ ಬೆಳೆ ಬರುತ್ತದೆ, ಜೊತೆಗೆ ರೋಗವೂ ಹಬ್ಬುತ್ತದೆ, ನನ್ನ ಚಿತ್ರವನ್ನು ಬೇಗ ಜನರಿಗೆ ತೋರಿಸು ಎಂದು ಹೇಳಿ ನೀರಿಗಿಳಿಯಿತಂತೆ. ಚಿತ್ರ ಬಹಳ ಒರಟು. ಮಗು ಬರೆದಂತೆ ಇದೆ. 2020ರ ಮಾರ್ಚ್‌ನಲ್ಲಿ ಕಲಾವಿದರೂ ಸಾಮಾನ್ಯರೂ ಅದನ್ನು ತಮ್ಮ ತಮ್ಮ ಶೈಲಿಯಲ್ಲಿ ಬರೆದು ಹಂಚತೊಡಗಿದರು. ಆರೋಗ್ಯ ಸಚಿವಾಲಯವೂ ಸೋಂಕು ತಡೆಯುವ ಪ್ರಚಾರದಲ್ಲಿ ಅದನ್ನು ಬಳಸಿಕೊಂಡಿತು. ಚಿತ್ರವನ್ನು ಪ್ರತಿ ಮಾಡಿ ಹಂಚಿ ಎಂಬ ಆಜ್ಞೆ ಆ ಹಾಳೆಯಲ್ಲೇ ಇದ್ದುದರಿಂದ, ಹಾಳೆ ಮಾರುವವನ ವ್ಯಾಪಾರಕ್ಕೂ ಅದು ಅನುಕೂಲವಾಗಿದ್ದಿರಬೇಕು.

ಆಪತ್ತಿನ ಕಾಲದಲ್ಲಿ ವಿಚಿತ್ರ ಜೀವಿಯ ಚಿತ್ರ ಹಬ್ಬಿದ್ದು ಅದೊಂದೇ ಸಲವಲ್ಲ. 1855ರ ನವೆಂಬರ್ 11ರ ರಾತ್ರಿ ಎದೊ ನಗರವನ್ನು ಭಾರಿ ಭೂಕಂಪ ನಡುಗಿಸಿತು. ನೆಲದಡಿಯ ದೈತ್ಯ ಮೀಸೆಮೀನು ಮೈ ಕೊಡವಿದಾಗ ಭೂಮಿ ನಡುಗುತ್ತದೆ, ಕಾಶಿಮಾದ ದೇವರು ಅದರ ತಲೆಯ ಮೇಲೆ ಬಂಡೆಯೊತ್ತಿ ಹಿಡಿದಿರುತ್ತಾನೆ ಎಂಬುದು ಜನರ ನಂಬಿಕೆ. ಅಂದು ಹಳೆಯ ಪಂಚಾಂಗದ ಹತ್ತನೇ ತಿಂಗಳು. ಆ ತಿಂಗಳು ದೇವತೆಗಳೆಲ್ಲ ಇಜುಮೊಗೆ ಸಭೆ ಸೇರಲು ಹೋಗುತ್ತಾರೆ. ಕಾಶಿಮಾದ ದೇವರೂ ಹೋಗಿದ್ದರಿಂದ ಮೀನು ಅವಕಾಶ ಸಾಧಿಸಿತು ಎಂದು ಚಿತ್ರಗಳು ವಿವರಿಸಿದವು. ಕೆಲವೇ ವಾರಗಳಲ್ಲಿ ನೂರಾರು ಬಗೆಯ ಮೀಸೆಮೀನಿನ ಚಿತ್ರಗಳು, ಸಹಿಯೂ ಇಲ್ಲದೆ, ಸರ್ಕಾರಿ ಪರಿಶೀಲನೆಯ ಮುದ್ರೆಯೂ ಇಲ್ಲದೆ, ಬೀದಿಗೆ ಬಂದವು. ಒಂದು ಚಿತ್ರದಲ್ಲಿ ಜನರು ಮೀನನ್ನು ಹೊಡೆಯುತ್ತಿದ್ದರೆ ಇನ್ನೊಂದರಲ್ಲಿ ಬಡಗಿಗಳೂ ಗಾರೆಯವರೂ ಸೂರು ಹೊದಿಸುವವರೂ ಅದಕ್ಕೆ ಉಪಚಾರ ಮಾಡುತ್ತಿದ್ದಾರೆ, ಏಕೆಂದರೆ ಬಿದ್ದ ಮನೆಗಳನ್ನು ಕಟ್ಟುವ ಕೆಲಸದಿಂದ ಅವರ ಕೈಗೆ ಹಣ ಬಂದಿತ್ತು. ದುರಂತದಿಂದ ಯಾರಿಗೆ ನಷ್ಟ, ಯಾರಿಗೆ ಲಾಭ ಎಂಬುದನ್ನು ಇಷ್ಟು ನೇರವಾಗಿ, ಇಷ್ಟು ಬೇಗ ಹೇಳಿದ ಜನಪ್ರಿಯ ಕಲೆ ನನಗೆ ತಿಳಿದಂತೆ ಅಪರೂಪ. ಸರ್ಕಾರ ವರ್ಷ ಮುಗಿಯುವ ಮೊದಲೇ ಅವುಗಳನ್ನು ಹತ್ತಿಕ್ಕಿತು.

ಪ್ರಶ್ನೆ: ಕಾಮಿಶಿಬಾಯಿ ಎಂಬ ಕಾಗದದ ನಾಟಕವೇ ಇಂದಿನ ಮಾಂಗಾದ ತಾಯಿ ಎಂದು ಓದಿದೆ. ಇದು ನಿಜವೇ? ಅದನ್ನು ಹೇಗೆ ಆಡುತ್ತಿದ್ದರು?

ಉತ್ತರ: ತಾಯಿ ಎನ್ನುವುದಕ್ಕಿಂತ, ಮಾಂಗಾ ಬೆಳೆದ ಮನೆಗಳಲ್ಲಿ ಒಂದು ಎನ್ನಬಹುದು. ಬೀದಿಯ ಕಾಮಿಶಿಬಾಯಿ 1930ರ ಸುಮಾರಿಗೆ, ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡವರು ಬದುಕಿನ ದಾರಿ ಹುಡುಕುತ್ತಿದ್ದಾಗ ಟೋಕಿಯೋದಲ್ಲಿ ಬೆಳೆಯಿತು. ಕಥೆ ಹೇಳುವವನು ಸೈಕಲ್ಲಿನ ಹಿಂಬದಿಗೆ ಮರದ ಚೌಕಟ್ಟಿನ ಪುಟ್ಟ ರಂಗಮಂಟಪವನ್ನೂ ಮಿಠಾಯಿಯ ಪೆಟ್ಟಿಗೆಯನ್ನೂ ಕಟ್ಟಿಕೊಂಡು ಬರುತ್ತಿದ್ದನು. ಎರಡು ಮರದ ತುಂಡುಗಳನ್ನು ಒಂದಕ್ಕೊಂದು ಬಡಿದು ಮಕ್ಕಳನ್ನು ಕರೆಯುತ್ತಿದ್ದನು. ಸಂಪಾದನೆ ಬರುತ್ತಿದ್ದುದು ಮಿಠಾಯಿಯಿಂದ. ಕೊಂಡ ಮಕ್ಕಳಿಗೆ ಮುಂದಿನ ಸಾಲಿನಲ್ಲಿ ಜಾಗ. ಕಥೆ ಪ್ರತಿದಿನವೂ ಅತ್ಯಂತ ಕುತೂಹಲದ ಘಟ್ಟದಲ್ಲಿ ನಿಲ್ಲುತ್ತಿತ್ತು, ಮರುದಿನವೂ ಮಕ್ಕಳು ಬರಬೇಕಲ್ಲ.

ಚಿತ್ರದ ಹಲಗೆಗಳನ್ನು ಚೌಕಟ್ಟಿನೊಳಗೆ ಒಂದರ ಹಿಂದೆ ಒಂದು ಇಟ್ಟು, ಎದುರಿಗಿರುವುದನ್ನು ಪಕ್ಕಕ್ಕೆ ಎಳೆದು ಹಿಂದಕ್ಕೆ ಸೇರಿಸುತ್ತಾರೆ. ಹಾಗೆ ಹಿಂದಕ್ಕೆ ಹೋದ ಹಲಗೆಯ ಬೆನ್ನಿಗೆ ಈಗ ಮಕ್ಕಳಿಗೆ ಕಾಣುತ್ತಿರುವ ಚಿತ್ರದ ಮಾತುಗಳು ಬರೆದಿರುತ್ತವೆ. ಆದ್ದರಿಂದ ಆಟಗಾರನು ಓದುತ್ತಲೇ ಸಭಿಕರ ಕಡೆ ಕಣ್ಣಿಟ್ಟಿರಬಹುದು. ಎಳೆಯುವುದರಲ್ಲಿಯೇ ಕಲೆಯಿದೆ: ಮೆಲ್ಲಗೆ ಅರ್ಧ ಎಳೆದು ನಿಲ್ಲಿಸಿದರೆ ಕೆಳಗಿನ ಚಿತ್ರದಲ್ಲಿ ಬಾಗಿಲ ಸಂದಿಯಿಂದ ಚಾಚಿದ ಕೈ ಮಾತ್ರ ಕಾಣುತ್ತದೆ; ತಟ್ಟನೆ ಪೂರ್ತಿ ಎಳೆದರೆ ರಾಕ್ಷಸನೇ ಎದುರು ನಿಲ್ಲುತ್ತಾನೆ. ಪುಟ ತಿರುವಿದಾಗ ಏನು ಕಾದಿದೆಯೋ ಎಂಬ ಮಾಂಗಾದ ರೋಮಾಂಚನ ಇದಕ್ಕೆ ಬಹಳ ಹತ್ತಿರದ್ದು. ಬೀದಿಯ ಹಲಗೆಗಳನ್ನು ಅಚ್ಚು ಹಾಕುತ್ತಿರಲಿಲ್ಲ, ಕೈಯಲ್ಲೇ ಬರೆಯುತ್ತಿದ್ದರು. ಮಳೆ ಬಿಸಿಲಿಗೆ ಕೆಡದಂತೆ ವಾರ್ನಿಷ್ ಬಳಿದು, ಆಟಗಾರರಿಗೆ ದಿನಬಾಡಿಗೆಗೆ ಕೊಡುತ್ತಿದ್ದರು. ಒಂದೇ ಪ್ರತಿ ಊರೂರು ಸುತ್ತಿ ಸವೆಯುತ್ತಿದ್ದುದರಿಂದ ಇಂದು ಉಳಿದಿರುವುದು ಸ್ವಲ್ಪವೇ. ಈ ನಷ್ಟ ನನ್ನನ್ನು ನಿಜವಾಗಿ ನೋಯಿಸುತ್ತದೆ, ಏಕೆಂದರೆ ಅಮೆರಿಕದ ಸೂಪರ್‌ಮ್ಯಾನ್ 1938ರಲ್ಲಿ ಹುಟ್ಟುವುದಕ್ಕೆ ಏಳೆಂಟು ವರ್ಷ ಮೊದಲೇ ಜಪಾನಿನ ಮಕ್ಕಳು ಇಂಥ ಹಲಗೆಗಳಲ್ಲಿ ಓಗೊನ್ ಬ್ಯಾಟ್ ಎಂಬ, ತಲೆಬುರುಡೆಯ ಮುಖ ಮತ್ತು ಹಾರುವ ಮೇಲಂಗಿಯ ಚಿನ್ನದ ಬಣ್ಣದ ವೀರನನ್ನು ಕಂಡಿದ್ದರು.

ಯುದ್ಧಕಾಲದಲ್ಲಿ ಸರ್ಕಾರ ಈ ಮಾಧ್ಯಮವನ್ನು ತನ್ನ ಪ್ರಚಾರಕ್ಕೆ ದುಡಿಸಿಕೊಂಡಿತು. ಯುದ್ಧದ ನಂತರ ಮತ್ತೆ ನಿರುದ್ಯೋಗ, ಮತ್ತೆ ಸೈಕಲ್ಲುಗಳು. ಆದರೆ 1953ರಲ್ಲಿ ಟಿವಿ ಪ್ರಸಾರ ಶುರುವಾಯಿತು. ಜನರು ಮೊದಮೊದಲು ಟಿವಿಯನ್ನು ವಿದ್ಯುತ್ ಕಾಮಿಶಿಬಾಯಿ ಎಂದೇ ಕರೆದರು. ಕೆಲಸ ತಪ್ಪಿದ ಚಿತ್ರಕಾರರು ಬಾಡಿಗೆ ಪುಸ್ತಕದ ಅಂಗಡಿಗಳಿಗೆ ಮಾಂಗಾ ಬರೆಯತೊಡಗಿದರು. ಅವರಲ್ಲಿ ಮಿಜುಕಿ ಶಿಗೆರು ಒಬ್ಬರು. 1922ರಲ್ಲಿ ಹುಟ್ಟಿ ಸಕೈಮಿನಾತೊ ಎಂಬ ಬಂದರು ಊರಿನಲ್ಲಿ ಬೆಳೆದ ಇವರು ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪವೊಂದರ ರಬೌಲ್‌ನಲ್ಲಿ ಎಡಗೈ ಕಳೆದುಕೊಂಡರು. ಮರಳಿ ಬಂದು ಒಂದೇ ಕೈಯಲ್ಲಿ ಕಾಮಿಶಿಬಾಯಿ ಚಿತ್ರಗಳನ್ನು ಬರೆದರು. ಅವರ ಹೆಸರುವಾಸಿ ಪಾತ್ರವಾದ ಕಿತಾರೊ, ಸ್ಮಶಾನದಲ್ಲಿ ಹುಟ್ಟಿದ ಒಕ್ಕಣ್ಣಿನ ಹುಡುಗ, ಮೂಲತಃ 1930ರ ದಶಕದ ಕಾಮಿಶಿಬಾಯಿಯಿಂದ ಬಂದವನು. ಮಿಜುಕಿ ಅವರ ಪುಟಗಳಲ್ಲಿ ಪಾತ್ರಗಳು ನಾಲ್ಕು ಗೆರೆಯ ಸರಳ ಆಕೃತಿಗಳು. ಆದರೆ ಹಿಂದಿನ ಕಾಡು, ಕಲ್ಲು, ಹಳೆಯ ಮನೆಯ ಮಾಡು ಲಕ್ಷಾಂತರ ಚುಕ್ಕಿಗಳಿಂದ ಛಾಯಾಚಿತ್ರದಷ್ಟು ದಟ್ಟವಾಗಿರುತ್ತವೆ. ಸೆಕಿಯೆನ್‌ನ ಯೊಕೈಗಳನ್ನು ಇಪ್ಪತ್ತನೇ ಶತಮಾನದ ಮಕ್ಕಳಿಗೆ ದಾಟಿಸಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಇವರದೇ. ಸಕೈಮಿನಾತೊದ ಒಂದು ರಸ್ತೆಯುದ್ದಕ್ಕೂ ಅವರ ಪಾತ್ರಗಳ 170ಕ್ಕೂ ಹೆಚ್ಚು ಕಂಚಿನ ಪ್ರತಿಮೆಗಳಿವೆ.

ಪ್ರಶ್ನೆ: ಜಪಾನಿನ ಪ್ರತಿ ಊರಿಗೂ ಒಂದು ಬೊಂಬೆಯ ಲಾಂಛನ ಏಕೆ?

ಉತ್ತರ: ಪ್ರವಾಸಿಗಳನ್ನು ಸೆಳೆಯಲು. ಇವುಗಳನ್ನು ಯುರು-ಕ್ಯಾರಾ ಎನ್ನುತ್ತಾರೆ. 2007ರಲ್ಲಿ ಹಿಕೊನೆ ಕೋಟೆಯ 400ನೇ ವರ್ಷಾಚರಣೆಗೆ ಬಂದ ಹಿಕೊನ್ಯಾನ್, ಕೊಂಬುಳ್ಳ ಕೆಂಪು ಶಿರಸ್ತ್ರಾಣ ತೊಟ್ಟ ಬಿಳಿ ಬೆಕ್ಕು, ಈ ಅಲೆಯನ್ನು ದೊಡ್ಡದಾಗಿಸಿತು. ಅದರ ಹಿಂದೆಯೂ ಹಳೆಯ ಕಥೆಯಿದೆ. ಹಿಕೊನೆಯ ದೊರೆ, ಇಯಿ ಮನೆತನದ ನಾವೊತಾಕಾ, ಮಳೆಗೆ ಮರದಡಿ ನಿಂತಿದ್ದಾಗ ಗೊತೊಕು-ಜಿ ದೇವಾಲಯದ ಬೆಕ್ಕು ಕೈಬೀಸಿ ಒಳಗೆ ಕರೆಯಿತಂತೆ, ಅವನು ಅತ್ತ ಸರಿದೊಡನೆ ಸಿಡಿಲು ಬಡಿಯಿತಂತೆ. ಟೋಕಿಯೋದ ಆ ದೇವಾಲಯದಲ್ಲಿ ಇಂದಿಗೂ ಭಕ್ತರು ಕೈ ಎತ್ತಿದ ಬಿಳಿ ಬೆಕ್ಕಿನ ಬೊಂಬೆಗಳನ್ನು ಸಾಲುಸಾಲಾಗಿ ಇಟ್ಟು ಹೋಗುತ್ತಾರೆ. ಕುಮಾಮೊತೊದ ಕಪ್ಪು ಕರಡಿ ಕುಮಾಮೊನ್ 2010ರಲ್ಲಿ ಬಂದಿತು. ಅನುಮತಿ ಪಡೆದ ಸ್ಥಳೀಯ ವ್ಯಾಪಾರಿಗಳು ಶುಲ್ಕವಿಲ್ಲದೆ ಅದರ ಚಿತ್ರ ಬಳಸಬಹುದೆಂದು ಆಡಳಿತ ಬಿಟ್ಟುಕೊಟ್ಟದ್ದೇ ಅದು ಎಲ್ಲೆಡೆ ಕಾಣಿಸಿಕೊಳ್ಳಲು ಮುಖ್ಯ ಕಾರಣ.

ಪ್ರಶ್ನೆ: 1960ರ ದಶಕದ ಕೆಲವು ಜಪಾನೀ ಪೋಸ್ಟರ್‌ಗಳು ಹಳೆಯ ಬೆಂಕಿಪೊಟ್ಟಣದ ಚಿತ್ರಗಳನ್ನೂ ಪಾಶ್ಚಾತ್ಯ ಪಾಪ್ ಕಲೆಯನ್ನೂ ಒಟ್ಟಿಗೆ ನೆನಪಿಸುತ್ತವೆ. ಇದು ಯಾರ ಕೆಲಸ?

ಉತ್ತರ: ನೀವು ನೋಡಿದ್ದು ಯೊಕೊ ತದಾನೊರಿ ಅವರ ಕೃತಿಗಳಿರಬೇಕು. ಅವರು 1936ರಲ್ಲಿ ಹ್ಯೋಗೊ ಪ್ರಾಂತ್ಯದ ನಿಶಿವಾಕಿಯಲ್ಲಿ ಹುಟ್ಟಿ, ಕಿಮೊನೊ ಬಟ್ಟೆಯ ವ್ಯಾಪಾರಿಯ ಮನೆಯಲ್ಲಿ ದತ್ತುಮಗನಾಗಿ ಬೆಳೆದರು. ಬಟ್ಟೆಯ ಗಂಟುಗಳ ಮೇಲೆ ಅಂಟಿಸುತ್ತಿದ್ದ ಬಣ್ಣಬಣ್ಣದ ಚೀಟಿಗಳು ಅವರ ಮೊದಲ ಚಿತ್ರಶಾಲೆ. ಅವರು ವೃತ್ತಿಗೆ ಬಂದಾಗ ಜಪಾನಿನ ವಿನ್ಯಾಸಕಾರರು ಯುದ್ಧಪೂರ್ವದ ಅಗ್ಗದ ಅಲಂಕಾರವನ್ನೆಲ್ಲ ಬಿಟ್ಟು ಶುದ್ಧ, ಮಿತವಾದ ಆಧುನಿಕ ಶೈಲಿಯನ್ನು ಅರಸುತ್ತಿದ್ದರು. ಕಮೆಕುರಾ ಯುಸಾಕು 1964ರ ಟೋಕಿಯೋ ಒಲಿಂಪಿಕ್ಸ್‌ಗೆ ರಚಿಸಿದ, ಬಿಳಿಯ ಮೇಲೆ ಕೆಂಪು ಸೂರ್ಯ ಮತ್ತು ಚಿನ್ನದ ಬಳೆಗಳ ಪೋಸ್ಟರ್ ಅದರ ಶಿಖರ. ಅದು ನಿಜಕ್ಕೂ ಸುಂದರವಾದ ಕೃತಿ.

ಮರುವರ್ಷ, 1965ರಲ್ಲಿ, ಟೋಕಿಯೋದ ಗಿಂಜಾದಲ್ಲಿ ನಡೆದ ಪರ್ಸೋನಾ ಪ್ರದರ್ಶನದಲ್ಲಿ ಯೊಕೊ ತಮ್ಮ ಬಗ್ಗೆಯೇ ಒಂದು ಪೋಸ್ಟರ್ ಇಟ್ಟರು. ಅದರಲ್ಲಿ ನೇಣು ಹಾಕಿಕೊಂಡ ಮನುಷ್ಯನ ಕೈಯಲ್ಲಿ ಗುಲಾಬಿಯಿದೆ. ಹಿಂದೆ ಉದಯಸೂರ್ಯನ ಕೆಂಪು ನೀಲಿ ಕಿರಣಗಳು. ಮೇಲಿನ ಒಂದು ಮೂಲೆಯಲ್ಲಿ ಬೆಂಕಿ ಉಗುಳುವ ಫುಜಿ ಪರ್ವತ, ಇನ್ನೊಂದರಲ್ಲಿ ಹೊಸ ಬುಲೆಟ್ ರೈಲು. ಕೆಳಗೆ ಅವರು ಎಳೆಯ ಮಗುವಾಗಿದ್ದಾಗಿನ ಛಾಯಾಚಿತ್ರ. 29ನೇ ವಯಸ್ಸಿನಲ್ಲಿ ಉತ್ತುಂಗ ಮುಟ್ಟಿ ತಾವು ಸತ್ತೆವೆಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಅಭಿರುಚಿಯಿಲ್ಲದ್ದೆಂದು ಓರಗೆಯವರು ತಳ್ಳಿದ ಚೀಟಿ, ಆಟದ ಎಲೆ, ಅಂಗಡಿ ಜಾಹೀರಾತುಗಳ ಬಣ್ಣಗಳನ್ನು ಅವರು ಹೀಗೆ ಎದುರಿಗೆ ತಂದು ನಿಲ್ಲಿಸಿದರು. ಇವುಗಳನ್ನು ಅಮೆರಿಕದ ಪಾಪ್ ಕಲೆಯ ನಕಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಕಲಾವಿದರು ಕಣ್ಣೆದುರಿನ ಅಂಗಡಿಯ ಸರಕನ್ನು ಎತ್ತಿಕೊಂಡರೆ, ಯೊಕೊ ತಮ್ಮ ಬಾಲ್ಯದ ಜೊತೆಗೆ ಮರೆಯಾಗುತ್ತಿದ್ದ ದೃಶ್ಯಲೋಕವೊಂದನ್ನು ಎತ್ತಿಕೊಂಡರು. ಸಮತಟ್ಟಾದ ಬಣ್ಣ, ಒಂದರಿಂದ ಇನ್ನೊಂದಕ್ಕೆ ಕರಗುವ ಆಕಾಶ, ದಪ್ಪ ಹೊರಗೆರೆ ಇವು ಉಕಿಯೊ-ಎ ಕಾಲದಿಂದ ಹರಿದುಬಂದ ಗುಣಗಳು. ಅವರ ಕೃತಿಗಳ ವಸ್ತುಸಂಗ್ರಹಾಲಯ 2012ರಿಂದ ಕೋಬೆಯಲ್ಲಿದೆ.

ಪ್ರಶ್ನೆ: ಹಳೆಯ ಮರದಚ್ಚು ಚಿತ್ರವೊಂದನ್ನು ಕೊಳ್ಳುವ ಆಸೆಯಿದೆ. ಅಸಲಿ ಎಂದು ತಿಳಿಯುವುದು ಹೇಗೆ? ಗೋಡೆಗೆ ತೂಗುಹಾಕಬಹುದೇ?

ಉತ್ತರ: ಮೊದಲು ಭೂತಗನ್ನಡಿ ಹಿಡಿಯಿರಿ. ಬಣ್ಣವು ಸಣ್ಣ ಸಣ್ಣ ಚುಕ್ಕಿಗಳ ಜಾಲವಾಗಿ ಕಂಡರೆ ಅದು ಯಂತ್ರದ ಮುದ್ರಣ. ಮರದಚ್ಚಿನಲ್ಲಿ ನೀರಿನಲ್ಲಿ ಕಲಸಿದ ಬಣ್ಣವು ಕಾಗದದ ನಾರಿನೊಳಗೆ ಇಳಿದಿರುತ್ತದೆ. ಬಳಿಕ ಹಾಳೆಯನ್ನು ತಿರುಗಿಸಿ ನೋಡಿ. ಮುದ್ರಕನು ಹಾಳೆಯನ್ನು ಹಲಗೆಯ ಮೇಲೆ ಮಗುಚಿ ಹಾಕಿ, ಬಿದಿರಿನ ಸಿಪ್ಪೆ ಸುತ್ತಿದ ಬಾರೆನ್ ಎಂಬ ದುಂಡನೆಯ ಸಾಧನದಿಂದ ಹಿಂಬದಿಯನ್ನು ಉಜ್ಜುತ್ತಾನೆ. ಆ ಉಜ್ಜುವಿಕೆಯ ಗುರುತುಗಳೂ ಹಿಂದಕ್ಕೆ ಜಿನುಗಿದ ಬಣ್ಣವೂ ಕಾಣಬೇಕು. 1790ರಿಂದ 1870ರ ದಶಕದ ಮಧ್ಯದವರೆಗಿನ ಹೆಚ್ಚಿನ ಹಾಳೆಗಳಲ್ಲಿ ಪರಿಶೀಲನೆಯ ಸಣ್ಣ ಮುದ್ರೆಯಿರುತ್ತದೆ, ಅದರ ಆಕಾರ ಕಾಲಕಾಲಕ್ಕೆ ಬದಲಾದದ್ದರಿಂದ ಚಿತ್ರದ ಕಾಲವನ್ನು ಅಂದಾಜಿಸಲು ಅದು ಒಳ್ಳೆಯ ಸುಳಿವು. ಕಣ್ಣು ಕುಕ್ಕುವ ಕೆಂಪು ಅಥವಾ ನೇರಳೆ ಇದ್ದರೆ ಅದು 1860ರ ದಶಕದ ನಂತರ ಬಂದ ಕೃತಕ ಬಣ್ಣವಿರಬಹುದು. ಹೊಸದಾಗಿ ಹಲಗೆ ಕೆತ್ತಿ, ಹಳೆಯ ವಿಧಾನದಲ್ಲೇ ಅಚ್ಚು ಹಾಕಿದ ಪ್ರತಿಗಳೂ ಇವೆ. ಟೋಕಿಯೋದ ಅದಾಚಿ ಸಂಸ್ಥೆ ಅಂಥವನ್ನು ಬಹಿರಂಗವಾಗಿ ಹೇಳಿಯೇ ತಯಾರಿಸುತ್ತದೆ. ಅವು ಮೋಸವಲ್ಲ, ಕಸುಬನ್ನು ಜೀವಂತವಾಗಿ ಉಳಿಸುವ ಕೆಲಸ. ಮೊದಲ ಸಲ ಕೊಳ್ಳುವವರಿಗೆ ನಾನು ಅವನ್ನೇ ಸೂಚಿಸುತ್ತೇನೆ.

ತೂಗುಹಾಕುವ ವಿಷಯದಲ್ಲಿ ಎಚ್ಚರ ಬೇಕು. ಹಳೆಯ ಚಿತ್ರಗಳಲ್ಲಿ ಹೂವಿನಿಂದ ತೆಗೆದ ನೀಲಿಯಂಥ ಸಸ್ಯಜನ್ಯ ಬಣ್ಣಗಳಿವೆ. ಬೆಳಕು ಮತ್ತು ತೇವ ಎರಡೂ ಅದನ್ನು ತಿನ್ನುತ್ತವೆ. 1830ರ ಸುಮಾರಿಗೆ ಕಲಾವಿದ ಹೊಕುಸಾಯಿ ತನ್ನ ಫುಜಿ ಚಿತ್ರಗಳಿಗೆ ಧಾರಾಳವಾಗಿ ಬಳಸಿದ ಪ್ರಷ್ಯನ್ ನೀಲಿ ಅದಕ್ಕಿಂತ ಗಟ್ಟಿ. ಬಾಸ್ಟನ್ ಕಲಾ ವಸ್ತುಸಂಗ್ರಹಾಲಯಕ್ಕೆ ಸ್ಪಾಲ್ಡಿಂಗ್ ಸೋದರರು 1921ರಲ್ಲಿ ಆರು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟಾಗ, ಅವನ್ನು ಎಂದಿಗೂ ಪ್ರದರ್ಶನಕ್ಕೆ ಇಡಬಾರದೆಂಬ ಷರತ್ತು ಹಾಕಿದ್ದರು. ಬೇರೆಡೆ ಬೂದುಬಣ್ಣಕ್ಕೆ ತಿರುಗಿದ ನೇರಳೆಗಳು ಅಲ್ಲಿ ಇಂದಿಗೂ ತಾಜಾ ಆಗಿವೆ. ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲ. ಬಿಸಿಲು ನೇರವಾಗಿ ಬೀಳದ, ತೇವ ಹಿಡಿಯದ ಗೋಡೆಯನ್ನು ಆರಿಸಿ. ಆಮ್ಲರಹಿತ ರಟ್ಟನ್ನು ಬಳಸಿ. ಚಿತ್ರವು ಗಾಜಿಗೆ ತಾಗದಂತೆ ಚೌಕಟ್ಟು ಹಾಕಿಸಿ. ಅಂಟಿನ ಟೇಪನ್ನು ಹಾಳೆಗೆ ತಾಗಿಸಲೇಬೇಡಿ. ಕೆಲವು ತಿಂಗಳು ತೂಗುಹಾಕಿದ ಮೇಲೆ ಕತ್ತಲಲ್ಲಿ ಮಟ್ಟಸವಾಗಿ ಮಲಗಿಸಿಟ್ಟು, ಬೇರೊಂದು ಚಿತ್ರಕ್ಕೆ ಜಾಗ ಕೊಡಿ.